ಬಾಯಿಲೆಕ್ಕದಲ್ಲಿ ವರ್ಗಗಳು



ಗಣಿತವನ್ನು ಕುರಿತು ಕೇವಲ ಧ್ವನಿಯಿಂದ ಮಾತನಾಡುವುದು ಸಾಹಸದ ಕೆಲಸವೆಂದು ತೋರಬಹುದು. ತರಗತಿಯಲ್ಲಿ ಉಪಾಧ್ಯಾಯನಿಗೆ ಕಪ್ಪುಹಲಗೆಯುಂಟು, ಸೀಮೆಸುಣ್ಣವುಂಟು. ಮಾತು ಸೋತಲ್ಲಿ ಕೈ ನೆರವಾಗುತ್ತದೆ. ಇಲ್ಲಿ ಅವೆರಡೂ ಇಲ್ಲ. ಕೇಳುತ್ತಿರುವ ನಿಮ್ಮಲ್ಲಿ ಅನೇಕರ ಕೈಯಲ್ಲಿ ಈ ಹೊತ್ತು ಕಾಫಿಯ ಲೋಟವಿರಬಹುದೇ ಹೊರತು ಕಾಗದವೂ ಪೆನ್ಸಿಲೂ ಇರಲಾರವು. ಆದುದರಿಂದಲೇ ಕಾಗದವನ್ನೂ ಪೆನ್ಸಿಲನ್ನೂ ಬೇಡದ ಒಂದು ವಿಷಯವನ್ನು ನಾನು ಆರಿಸಿಕೊಂಡಿದ್ದೇನೆ. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಬರತಕ್ಕ ಲಬ್ಧಕ್ಕೆ ವರ್ಗವೆಂದು ಹೆಸರು. ಐದೈದಲ ಇಪ್ಪತ್ತೈದು ಎಂಬುದನ್ನು ಮಕ್ಕಳೂ ಬಲ್ಲರು. ನಲವತ್ತೇಳು ನಲವತ್ತೇಳಲ ಎಷ್ಟು ಎಂದು ಕೇಳಿದರೆ ಪದವೀಧರರೂ ಸುತ್ತಮುತ್ತ ನೋಡುತ್ತಾರೆ. ಅದನ್ನು ಕುಳಿತಲ್ಲಿಯೇ, ಬಾಯಿಲೆಕ್ಕದಲ್ಲಿ, ಹೇಗೆ ಮಾಡಬಹುದೆಂಬುದೂ, ಹಾಗೆ ಮಾಡಿದರೆ ಏಕೆ ಸರಿಯಾಗುತ್ತದೆಂಬುದೂ ಈ ಭಾಷಣದ ವಿಷಯ.

ಈ ವಿಷಯದ ಕಡೆಗೆ ನನ್ನ ಮನಸ್ಸು ತಿರುಗಿದುದು ಪುಸ್ತಕದಿಂದಲ್ಲ, ಒಬ್ಬ ಮೇಸ್ತ್ರಿಯಿಂದ. ಶಿವಮೊಗ್ಗೆಯ ರವೀಂದ್ರನಗರದಲ್ಲಿರುವ ನಮ್ಮ ಮನೆಗೆ ಕೆಲವು ಕಾಲದ ಹಿಂದೆ ಮಹಡಿಯನ್ನು ಕಟ್ಟಿಸಬೇಕಾಯಿತು. ಒಂದು ದಿನ ಅಂಗಡಿಯಿಂದ ಕಂಬಿಯ ಲೋಡು ಬಂದಿತು. ಹದಿನಾರು ಎಂ.ಎಂ. ದಪ್ಪದ, ಹನ್ನೆರಡು ಮೀಟರು ಉದ್ದದ ೩೦ ಕಂಬಿಗಳು. ಬಿಲ್ಲಿನಲ್ಲಿ ಬರೆದಿದ್ದ ತೂಕ ೬೨೧ ಕಿಲೋಗ್ರಾಂ. ನಾನು ಬಿಲ್ಲಿನ ಮೊತ್ತವನ್ನು ಮಾತ್ರ ನೋಡಿ, ಗುಣಾಕಾರ ಸರಿಯಾಗಿದೆಯೆಂದು ತೃಪ್ತಿಪಟ್ಟು ರುಜು ಹಾಕಿದೆನು. ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿ ಬಿಲ್ಲನ್ನು ಒಮ್ಮೆ ನೋಡಿ, “ಮೇಷ್ಟ್ರೇ, ಇದು ಐವತ್ತು ಕಿಲೋ ಜಾಸ್ತಿ ಬಂತಲ್ಲ. ಕಂಬಿಗೆ ಹತ್ತೊಂಬತ್ತರ ಮೇಲೆ ಬರಲ್ಲ. ಮೂವತ್ತಕ್ಕೆ ಐನೂರ ಎಪ್ಪತ್ತು. ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ, ಆದರೆ ಇಷ್ಟಿರಲ್ಲ” ಎಂದನು. ಆತನ ಕೈಯಲ್ಲಿ ಕರಣೆಯ ಹೊರತು ಬೇರೇನೂ ಇರಲಿಲ್ಲ. ನನ್ನ ಕಿಸೆಯಲ್ಲಾದರೋ ಕೋಟಿಗಟ್ಟಲೆ ಲೆಕ್ಕವನ್ನು ಕ್ಷಣದಲ್ಲಿ ಮಾಡಬಲ್ಲ ಫೋನು ಇತ್ತು. ಲೋಡನ್ನು ವೇಬ್ರಿಡ್ಜಿಗೆ ಕಳುಹಿಸಿ ತೂಗಿಸಿದಾಗ ಮೇಸ್ತ್ರಿಯ ಮಾತೇ ನಿಜವಾಯಿತು. ಬರೆದವರ ಕೈತಪ್ಪೆಂದು ಅಂಗಡಿಯವರು ಒಪ್ಪಿಕೊಂಡು ಬಿಲ್ಲನ್ನು ತಿದ್ದಿಕೊಟ್ಟರು. ಗಣಿತದ ಅಧ್ಯಾಪಕನಾದ ನಾನು ಕೆಲವು ಸಾವಿರ ರೂಪಾಯಿಗಳನ್ನು ಉಳಿಸಿಕೊಂಡೆನು. ಅದರ ಜೊತೆಗೆ ಸ್ವಲ್ಪ ನಾಚಿಕೆಯನ್ನೂ ಗಳಿಸಿಕೊಂಡೆನು.

ಆತನು ಮಾಡಿದ ಲೆಕ್ಕವೇನೆಂಬುದನ್ನು ಮೊದಲು ಹೇಳುತ್ತೇನೆ. ಕಂಬಿ ಕಟ್ಟುವವರೆಲ್ಲರೂ ಬಲ್ಲ ಸೂತ್ರವೊಂದುಂಟು: ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗವನ್ನು ಮಾಡಿ, ೧೬೨ರಿಂದ ಭಾಗಿಸಿದರೆ, ಒಂದು ಮೀಟರು ಕಂಬಿಯ ತೂಕವು ಕಿಲೋಗ್ರಾಮಿನಲ್ಲಿ ಬರುತ್ತದೆ. ಈ ೧೬೨ ಎಂಬುದು ಮಂತ್ರಾಕ್ಷರವಲ್ಲ. ಒಂದು ಘನಮೀಟರು ಉಕ್ಕಿನ ತೂಕ ೭,೮೫೦ ಕಿಲೋಗ್ರಾಂ ಎಂಬುದರಿಂದಲೂ, ವೃತ್ತದ ಕ್ಷೇತ್ರಫಲವು ವ್ಯಾಸದ ವರ್ಗವನ್ನು ಅನುಸರಿಸುತ್ತದೆ ಎಂಬುದರಿಂದಲೂ ಅದು ಹುಟ್ಟಿಕೊಂಡಿದೆ. ಕಂಬಿ ಹನ್ನೆರಡು ಮೀಟರಾದರೆ ಲೆಕ್ಕ ಇನ್ನೂ ಸುಲಭ: ವರ್ಗವನ್ನು ಇಮ್ಮಡಿಸಿ ೨೭ರಿಂದ ಭಾಗಿಸಿದರೆ ಸಾಕು. ಹದಿನಾರರ ವರ್ಗ ೨೫೬. ಅದರ ಎರಡರಷ್ಟು ೫೧೨. ಇಪ್ಪತ್ತೇಳು ಹತ್ತೊಂಬತ್ತಲ ೫೧೩. ಆದುದರಿಂದ ಕಂಬಿಯ ತೂಕ ೧೯ಕ್ಕೆ ಕೂದಲೆಳೆಯಷ್ಟು ಕಡಮೆ. ದಪ್ಪವು ಇಮ್ಮಡಿಯಾದರೆ ತೂಕವು ನಾಲ್ಮಡಿಯಾಗುತ್ತದೆಂಬುದನ್ನೂ ಇದರಿಂದಲೇ ತಿಳಿಯಬಹುದು: ಎಂಟು ಎಂ.ಎಂ. ಕಂಬಿ ಐದು ಕಿಲೋಗ್ರಾಮಿಗೂ ಕಡಮೆ ತೂಗಿದರೆ, ಹದಿನಾರರದು ಹತ್ತಿರಹತ್ತಿರ ಹತ್ತೊಂಬತ್ತು ತೂಗುತ್ತದೆ. ಭದ್ರಾವತಿಯಲ್ಲಿ ೧೯೨೩ರಲ್ಲಿ ಕಬ್ಬಿಣದ ಕುಲುಮೆ ಉರಿಯತೊಡಗಿದಂದಿನಿಂದ ನಮ್ಮ ಸೀಮೆಯ ಜನರಿಗೆ ಕಬ್ಬಿಣವೂ ಅದರ ಲೆಕ್ಕವೂ ಮನೆಯ ಮಾತಾಗಿವೆ.

ಹದಿನಾರರ ವರ್ಗವು ನನಗೂ ಕಂಠಸ್ಥವಾಗಿತ್ತು. ಆದರೆ ಆತನಿಗೆ ಇಪ್ಪತ್ತೈದರ, ಮೂವತ್ತೆರಡರ ವರ್ಗಗಳೂ ಬರುತ್ತಿದ್ದವು. “ಮೇಸ್ತ್ರಿಗಳೇ, ಮಗ್ಗಿಯನ್ನು ಅಷ್ಟು ದೂರ ಕಲಿತಿರಾ?” ಎಂದು ಕೇಳಿದೆನು. “ಇಲ್ಲ ಮೇಷ್ಟ್ರೇ, ಮಗ್ಗಿ ಇಪ್ಪತ್ತರವರೆಗೇ. ಒಂದು ಕಡೆ ತೆಗೆದು ಇನ್ನೊಂದು ಕಡೆ ಹಾಕಿದರೆ ಆಯಿತು. ಇಪ್ಪತ್ತೈದಿಪ್ಪತ್ತೈದು ಅಂದರೆ ಇಪ್ಪತ್ತು ಮೂವತ್ತಲ ಆರುನೂರು, ಮೇಲೆ ಇಪ್ಪತ್ತೈದು” ಎಂದನು. ಈ ಒಂದು ವಾಕ್ಯದಲ್ಲಿ ನಾನು ಇಂದು ಹೇಳಬೇಕಾದುದೆಲ್ಲವೂ ಅಡಗಿದೆ.

ಅದನ್ನು ನಿವೇಶನದ ದೃಷ್ಟಾಂತದಿಂದ ವಿವರಿಸುವೆನು. ನಮ್ಮ ನಗರಗಳಲ್ಲಿ ಮೂವತ್ತು–ನಲವತ್ತರ ನಿವೇಶನವೆಂದರೆ ಎಲ್ಲರಿಗೂ ತಿಳಿಯುತ್ತದೆ. ಅದರ ವಿಸ್ತೀರ್ಣ ೧,೨೦೦ ಚದರಡಿ. ಈಗ ಮೂವತ್ತೈದು ಅಡಿ ಉದ್ದ, ಮೂವತ್ತೈದು ಅಡಿ ಅಗಲವುಳ್ಳ ಚೌಕವಾದ ನಿವೇಶನವೊಂದನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿರಿ. ಅದರ ಪೂರ್ವದ ಅಂಚಿನಿಂದ ಐದಡಿ ಅಗಲದ ಪಟ್ಟಿಯೊಂದನ್ನು ಕತ್ತರಿಸಿ ತೆಗೆದೆವೆನ್ನೋಣ. ಉಳಿದ ಭಾಗ ಮೂವತ್ತು ಅಡಿ ಅಗಲ, ಮೂವತ್ತೈದು ಅಡಿ ಉದ್ದ. ಕತ್ತರಿಸಿದ ಪಟ್ಟಿಯನ್ನು ಉತ್ತರದ ಅಂಚಿಗೆ ಅಡ್ಡಲಾಗಿ ಸೇರಿಸೋಣ. ಅಲ್ಲಿ ಅಂಚಿನ ಅಳತೆ ಮೂವತ್ತೇ ಅಡಿ. ಪಟ್ಟಿಯ ಉದ್ದವಾದರೋ ಮೂವತ್ತೈದು. ಆದುದರಿಂದ ಮೂವತ್ತು–ನಲವತ್ತರ ನಿವೇಶನವೊಂದು ಸಿದ್ಧವಾಗಿ, ಐದಡಿಗೆ ಐದಡಿಯ ಸಣ್ಣ ಚೌಕವೊಂದು ಹೊರಗೆ ಉಳಿಯುತ್ತದೆ. ಎಂದರೆ ಮೂವತ್ತೈದರ ವರ್ಗವು ೧,೨೦೦ಕ್ಕೆ ೨೫ನ್ನು ಸೇರಿಸಿದಷ್ಟು, ೧,೨೨೫. ಎರಡು ನಿವೇಶನಗಳಿಗೂ ಸುತ್ತಲಿನ ಬೇಲಿಯ ಉದ್ದ ೧೪೦ ಅಡಿಯೇ. ಆದರೆ ಚೌಕವನ್ನು ಕೊಂಡವನಿಗೆ ೨೫ ಚದರಡಿ ಹೆಚ್ಚು.

ಐದಕ್ಕೆ ಬದಲಾಗಿ ಯಾವ ಅಗಲದ ಪಟ್ಟಿಯನ್ನು ತೆಗೆದರೂ ವಾದವು ಹೀಗೆಯೇ ನಡೆಯುತ್ತದೆ. ಆದುದರಿಂದ ನಿಯಮವು ಇಷ್ಟು: ವರ್ಗಮಾಡಬೇಕಾದ ಸಂಖ್ಯೆಯಿಂದ ನಮಗೆ ಇಷ್ಟವಾದ ಒಂದು ಸಣ್ಣ ಸಂಖ್ಯೆಯನ್ನು ಒಂದು ಕಡೆ ಕಳೆಯಬೇಕು, ಮತ್ತೊಂದು ಕಡೆ ಅದನ್ನೇ ಕೂಡಿಸಬೇಕು, ಬಂದ ಎರಡು ಸಂಖ್ಯೆಗಳನ್ನು ಗುಣಿಸಿ, ಆ ಸಣ್ಣ ಸಂಖ್ಯೆಯ ವರ್ಗವನ್ನು ಸೇರಿಸಬೇಕು. ಜಾಣತನವೆಲ್ಲವೂ ಇರುವುದು ಇಷ್ಟಸಂಖ್ಯೆಯ ಆಯ್ಕೆಯಲ್ಲಿ. ಎರಡರಲ್ಲಿ ಒಂದು ಹತ್ತರಿಂದಲೋ ನೂರರಿಂದಲೋ ಮುಗಿಯುವ ದುಂಡುಸಂಖ್ಯೆಯಾಗುವಂತೆ ಆರಿಸಿಕೊಂಡರೆ ಗುಣಾಕಾರದ ಶ್ರಮವು ಮಾಯವಾಗುತ್ತದೆ. ಮೊದಲು ಕೇಳಿದ ನಲವತ್ತೇಳನ್ನು ತೆಗೆದುಕೊಳ್ಳಿ. ಇಷ್ಟವು ಮೂರು. ಒಂದು ಕಡೆ ೫೦, ಮತ್ತೊಂದು ಕಡೆ ೪೪. ಗುಣಿಸಿದರೆ ೨,೨೦೦, ಮೂರರ ವರ್ಗ ೯, ಉತ್ತರ ೨,೨೦೯. ಅರವತ್ತನಾಲ್ಕರ ವರ್ಗ ಬೇಕೆ? ಇಷ್ಟವು ನಾಲ್ಕು, ಅರವತ್ತು ಅರವತ್ತೆಂಟಲ ೪,೦೮೦, ಹದಿನಾರನ್ನು ಸೇರಿಸಿದರೆ ೪,೦೯೬. ನೂರಹನ್ನೆರಡು? ಇಷ್ಟವು ಹನ್ನೆರಡು; ನೂರು ನೂರಿಪ್ಪತ್ತನಾಲ್ಕಲ ೧೨,೪೦೦; ಹನ್ನೆರಡರ ವರ್ಗ ೧೪೪; ಒಟ್ಟು ೧೨,೫೪೪.

ಹೊಲ ಗದ್ದೆಗಳುಳ್ಳವರು ಇನ್ನೊಂದನ್ನು ಬಲ್ಲರು. ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲವಾದ ನೆಲಕ್ಕೆ ಗುಂಟೆಯೆಂದು ಹೆಸರು. ನಲವತ್ತು ಗುಂಟೆಗೆ ಒಂದು ಎಕರೆ. ಮೂವತ್ತು ಮೂವತ್ತಾರಲ ೧,೦೮೦, ಮೇಲೆ ಒಂಬತ್ತು, ಗುಂಟೆಗೆ ೧,೦೮೯ ಚದರಡಿ. ನಲವತ್ತರಿಂದ ಗುಣಿಸಿದರೆ ಎಕರೆಗೆ ೪೩,೫೬೦. ಒಂಬತ್ತಡಿಗೊಂದರಂತೆ ಚೌಕವಾಗಿ ಅಡಕೆಯ ಸಸಿ ಇಡುವವನು ಇದನ್ನು ಒಂಬತ್ತರ ವರ್ಗವಾದ ೮೧ರಿಂದ ಭಾಗಿಸಿ, ಎಕರೆಗೆ ೫೪೦ಕ್ಕೆ ಸಮೀಪದ ಸಸಿ ಬೇಕೆಂದು ತಿಳಿದುಕೊಳ್ಳುತ್ತಾನೆ.

ಮನೋಗಣಿತದ ತರಗತಿಗಳಲ್ಲಿ ಈಗ ಮಕ್ಕಳಿಗೆ ಅನೇಕ ಉಪಾಯಗಳನ್ನು ಬೇರೆಬೇರೆಯಾಗಿ ಬಾಯಿಪಾಠ ಮಾಡಿಸುವುದುಂಟು. ಐದರಿಂದ ಮುಗಿಯುವ ಸಂಖ್ಯೆಗೆ ಒಂದು ಉಪಾಯ: ಎಪ್ಪತ್ತೈದರ ವರ್ಗಕ್ಕೆ ಏಳನ್ನು ಅದರ ಮುಂದಿನದಾದ ಎಂಟರಿಂದ ಗುಣಿಸಿ ೫೬ ಎಂದು ಬರೆದು, ಪಕ್ಕದಲ್ಲಿ ೨೫ನ್ನು ಬರೆಯುವುದು, ೫,೬೨೫. ನೂರರ ಸಮೀಪದ ಸಂಖ್ಯೆಗೆ ಮತ್ತೊಂದು: ತೊಂಬತ್ತೇಳಕ್ಕೆ ಕೊರತೆ ಮೂರು, ಆ ಮೂರನ್ನು ತೊಂಬತ್ತೇಳರಿಂದಲೇ ಮತ್ತೆ ಕಳೆದು ೯೪, ಪಕ್ಕದಲ್ಲಿ ಕೊರತೆಯ ವರ್ಗವಾದ ೦೯, ೯,೪೦೯. ಐವತ್ತರ ಸಮೀಪಕ್ಕೆ ಮೂರನೆಯದು: ಐವತ್ತಮೂರಾದರೆ ಇಪ್ಪತ್ತೈದಕ್ಕೆ ಮೂರನ್ನು ಕೂಡಿಸಿ ೨೮, ಪಕ್ಕದಲ್ಲಿ ೦೯; ೨,೮೦೯. ಇವು ಮೂರು ಉಪಾಯಗಳೆಂದು ಮಗುವು ತಿಳಿಯುತ್ತದೆ. ವಾಸ್ತವದಲ್ಲಿ ಮೂರೂ ಒಂದೇ. ಮೊದಲನೆಯದು ಎಪ್ಪತ್ತು ಎಂಬತ್ತಲ ಮತ್ತು ೨೫. ಎರಡನೆಯದು ತೊಂಬತ್ತನಾಲ್ಕು ನೂರಲ ಮತ್ತು ೯. ಮೂರನೆಯದು ಐವತ್ತು ಐವತ್ತಾರಲ ಮತ್ತು ೯. ಪಟ್ಟಿಯನ್ನು ಒಂದು ಕಡೆ ತೆಗೆದು ಇನ್ನೊಂದು ಕಡೆ ಹಾಕಿದ ಮೇಸ್ತ್ರಿಯ ಲೆಕ್ಕವೇ ಎಲ್ಲದರ ಒಳಗೂ ಇದೆ. ಕಾರಣವನ್ನು ಬಲ್ಲವನಿಗೆ ನೆನಪಿನ ಹೊರೆ ಮೂರರಿಂದ ಒಂದಕ್ಕೆ ಇಳಿಯಿತು. ಕಾರಣವನ್ನು ಅರಿಯದವನು ಅರವತ್ತೈದರ ವರ್ಗವನ್ನು ಕ್ಷಣದಲ್ಲಿ ಹೇಳಿ, ಅರವತ್ತನಾಲ್ಕರ ಮುಂದೆ ಮೂಕನಾಗಿ ನಿಲ್ಲುವನು.

ಒಂದು ಸಂಖ್ಯೆಯ ವರ್ಗವು ತಿಳಿದಿದ್ದರೆ ಅದರ ನೆರೆಯ ಸಂಖ್ಯೆಯ ವರ್ಗವನ್ನು ತಿಳಿಯುವ ದಾರಿಯೊಂದು ನಮ್ಮ ಮನೆಗಳ ಅಂಗಳದಲ್ಲಿಯೇ ಇದೆ. ಚೌಕವಾದ ಚುಕ್ಕಿ ರಂಗೋಲಿಯನ್ನು ನೆನೆಯಿರಿ. ಐದು ಸಾಲಿಗೆ ಐದು ಚುಕ್ಕಿಯಂತೆ ೨೫ ಚುಕ್ಕಿಗಳನ್ನು ಇಟ್ಟಿರುವ ಗೃಹಿಣಿ ಅದನ್ನು ಆರಕ್ಕೆ ಆರಾಗಿ ಬೆಳಸಬೇಕಾದರೆ ಏನು ಮಾಡುವಳು? ಒಂದು ಬದಿಗೆ ಐದು ಚುಕ್ಕಿ, ಇನ್ನೊಂದು ಬದಿಗೆ ಐದು ಚುಕ್ಕಿ, ಮೂಲೆಗೆ ಒಂದು, ಒಟ್ಟು ಹನ್ನೊಂದು. ಹಳೆಯ ಸಂಖ್ಯೆ ಐದು, ಹೊಸ ಸಂಖ್ಯೆ ಆರು, ಅವೆರಡರ ಮೊತ್ತವೇ ಹನ್ನೊಂದು. ಹೀಗೆ ಮೂವತ್ತರ ವರ್ಗ ೯೦೦ ಎಂಬುದಕ್ಕೆ ಮೂವತ್ತನ್ನೂ ಮೂವತ್ತೊಂದನ್ನೂ ಸೇರಿಸಿದರೆ ಮೂವತ್ತೊಂದರ ವರ್ಗ ೯೬೧ ಬರುತ್ತದೆ. ಮೂವತ್ತನ್ನೂ ಇಪ್ಪತ್ತೊಂಬತ್ತನ್ನೂ ಕಳೆದರೆ ಇಪ್ಪತ್ತೊಂಬತ್ತರ ವರ್ಗ ೮೪೧. ಒಂದೇ ಚುಕ್ಕಿಯಿಂದ ಆರಂಭಿಸಿ ಮೂರು, ಐದು, ಏಳು ಎಂದು ಬೆಸಸಂಖ್ಯೆಗಳನ್ನು ಕ್ರಮವಾಗಿ ಕೂಡಿಸುತ್ತ ಹೋದರೆ ನಾಲ್ಕು, ಒಂಬತ್ತು, ಹದಿನಾರು ಎಂದು ವರ್ಗಗಳೇ ಸಾಲಾಗಿ ಬರುವುದೂ ಈ ಕಾರಣದಿಂದಲೇ.

ಉತ್ತರವು ಬಂದ ಮೇಲೆ ಅದನ್ನು ಪರೀಕ್ಷಿಸುವ ಅಭ್ಯಾಸವೂ ಬೇಕು. ಯಾವ ಪೂರ್ಣಸಂಖ್ಯೆಯ ವರ್ಗವೂ ಎರಡು, ಮೂರು, ಏಳು, ಎಂಟು ಎಂಬ ಅಂಕಗಳಿಂದ ಮುಗಿಯುವುದಿಲ್ಲ. ಹಾಗೆ ಮುಗಿದರೆ ತಪ್ಪೆಂದು ನಿಶ್ಚಯ. ಎರಡನೆಯದಾಗಿ, ಅಂಕಗಳನ್ನು ಕೂಡಿಸಿ ಒಂದೇ ಅಂಕಕ್ಕೆ ಇಳಿಸಬಹುದು. ಐವತ್ತಮೂರರಲ್ಲಿ ಐದು ಮತ್ತು ಮೂರು ಎಂಟು, ಎಂಟರ ವರ್ಗ ೬೪, ಆರು ನಾಲ್ಕು ಹತ್ತು, ಅದು ಒಂದು. ಉತ್ತರವಾದ ೨,೮೦೯ರ ಅಂಕಗಳ ಮೊತ್ತ ೧೯, ಅದು ಹತ್ತು, ಅದೂ ಒಂದು. ಹೊಂದಿಕೆಯಾಯಿತು. ಆದರೆ ಇದು ಜರಡಿಯೇ ಹೊರತು ತಕ್ಕಡಿಯಲ್ಲ: ಅಂಕಗಳು ಸ್ಥಾನಪಲ್ಲಟವಾಗಿ ೨,೮೯೦ ಎಂದು ಬಂದಿದ್ದರೂ ಅದು ಹಿಡಿಯುತ್ತಿರಲಿಲ್ಲ. ಅದಕ್ಕಿಂತ ಬಲವಾದ ಪರೀಕ್ಷೆಯೆಂದರೆ ಇಷ್ಟಸಂಖ್ಯೆಯನ್ನು ಬದಲಾಯಿಸಿ ಮತ್ತೆ ಮಾಡುವುದು. ಎಪ್ಪತ್ತನಾಲ್ಕಕ್ಕೆ ಇಷ್ಟವು ನಾಲ್ಕಾದರೆ, ಎಪ್ಪತ್ತು ಎಪ್ಪತ್ತೆಂಟಲ ೫,೪೬೦, ಮೇಲೆ ೧೬. ಇಷ್ಟವು ಆರಾದರೆ, ಎಂಬತ್ತು ಅರವತ್ತೆಂಟಲ ೫,೪೪೦, ಮೇಲೆ ೩೬. ಎರಡು ದಾರಿಯಿಂದಲೂ ತಲಪಿದ ಊರು ೫,೪೭೬.

ಇಷ್ಟನ್ನು ಕೇಳಿದ ಮೇಲೆ ಈ ನಿಯಮವನ್ನು ಕಂಡವರು ಯಾರೆಂಬ ಕುತೂಹಲವು ಸಹಜ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಆಳುತ್ತಿದ್ದಾಗ, ಸುಮಾರು ಕ್ರಿ.ಶ. ೮೫೦ರಲ್ಲಿ, ಜೈನಪಂಡಿತನಾದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರ ವರ್ಗಪ್ರಕರಣದಲ್ಲಿ ಇಷ್ಟವನ್ನು ಕಳೆದು ಕೂಡಿಸಿ ಗುಣಿಸುವ ಈ ನಿಯಮವೂ, ಒಂದರಿಂದ ಬೆಸಸಂಖ್ಯೆಗಳನ್ನು ಕೂಡಿಸುವ ನಿಯಮವೂ ಸ್ಪಷ್ಟವಾಗಿವೆ. ೧೧೫೦ರಲ್ಲಿ ಭಾಸ್ಕರಾಚಾರ್ಯನು ಬರೆದ ‘ಲೀಲಾವತಿ’ಯಲ್ಲಿಯೂ ಇಷ್ಟದ ನಿಯಮವುಂಟು. ೧೨ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದು ಲೆಕ್ಕವನ್ನು ದೇಶಭಾಷೆಗೆ ತಂದನು. ಮಹಾವೀರಾಚಾರ್ಯನ ಗ್ರಂಥವನ್ನು ೧೯೧೨ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ನಮ್ಮ ಜಿಲ್ಲೆಯವರಿಗೆ ಹೆಮ್ಮೆಯ ಸಂಗತಿಯೆಂದರೆ, ಪ್ರೊಫೆಸರ್ ಪದ್ಮಾವತಮ್ಮನವರು ಮಾಡಿದ ಅದರ ಕನ್ನಡ ಅನುವಾದವು ೨೦೦೦ದಲ್ಲಿ ಹೊಸನಗರ ತಾಲ್ಲೂಕಿನ ಹೊಂಬುಜದ ಜೈನಮಠದಿಂದ ಹೊರಬಂದಿತು. ರವೀಂದ್ರನಗರದ ಮೇಸ್ತ್ರಿ ಆ ಗ್ರಂಥದ ಹೆಸರನ್ನು ಕೇಳಿದವನಲ್ಲ. ಆದರೂ ಸಾವಿರದ ನೂರು ವರ್ಷಗಳಿಗೂ ಹಿಂದಿನ ಆ ನಿಯಮವು ಆತನ ನಾಲಗೆಯ ಮೇಲಿತ್ತು.

ಇಲ್ಲಿ ಒಂದು ಮಾತನ್ನು ವಿನಯದಿಂದ ಹೇಳಬೇಕಾಗಿದೆ. ಇಂತಹ ಉಪಾಯಗಳಿಗೆ ಈಗ ‘ವೇದಗಣಿತ’ವೆಂಬ ಹೆಸರು ಪ್ರಚಾರದಲ್ಲಿದೆ. ಪುರಿಯ ಶಂಕರಾಚಾರ್ಯರಾಗಿದ್ದ ಶ್ರೀ ಭಾರತೀಕೃಷ್ಣತೀರ್ಥರು ಪೂರ್ವಾಶ್ರಮದಲ್ಲಿ ಶೃಂಗೇರಿಯ ಸಮೀಪದ ಅರಣ್ಯದಲ್ಲಿ ಎಂಟು ವರ್ಷ ಸಾಧನೆಯಲ್ಲಿದ್ದು ಹದಿನಾರು ಸೂತ್ರಗಳನ್ನು ಕಂಡುಕೊಂಡರೆಂದು ಹೇಳುತ್ತಾರೆ. ಆ ಶೃಂಗೇರಿಯ ತುಂಗೆಯೇ ನಮ್ಮೂರಿಗೂ ಹರಿದು ಬರುವವಳು. ಅವರು ೧೯೬೦ರಲ್ಲಿ ದೇಹವನ್ನು ಬಿಟ್ಟ ಬಳಿಕ ೧೯೬೫ರಲ್ಲಿ ಗ್ರಂಥವು ಅಚ್ಚಾಯಿತು. ಆ ಸೂತ್ರಗಳು ಅಥರ್ವವೇದದ ಪರಿಶಿಷ್ಟದಲ್ಲಿವೆಯೆಂಬ ಮಾತಿದ್ದರೂ, ತಿಳಿದಿರುವ ಪರಿಶಿಷ್ಟಗಳಲ್ಲಿ ಅವು ದೊರೆಯುವುದಿಲ್ಲವೆಂಬುದನ್ನು ಗ್ರಂಥದ ಸಂಪಾದಕರೇ ಮುನ್ನುಡಿಯಲ್ಲಿ ಒಪ್ಪಿದ್ದಾರೆ. ಇದರಿಂದ ಸ್ವಾಮಿಗಳ ಪ್ರತಿಭೆಗೆ ಕುಂದಿಲ್ಲ. ಆದರೆ ಗಣಿತದಲ್ಲಿ ಒಂದು ನಿಯಮವು ನಿಲ್ಲುವುದು ಅದರ ಪ್ರಾಚೀನತೆಯಿಂದಲ್ಲ, ಉಪಪತ್ತಿಯಿಂದ. ನಿವೇಶನದ ಪಟ್ಟಿಯನ್ನು ಕತ್ತರಿಸಿ ಜೋಡಿಸಿ ನೋಡಿದ ಮಗುವಿಗೆ ಬೇರೆ ಪ್ರಮಾಣವು ಬೇಕಿಲ್ಲ.

ಬೆಂಗಳೂರಿನಲ್ಲಿ ೧೯೨೯ರಲ್ಲಿ ಹುಟ್ಟಿದ ಶಕುಂತಲಾದೇವಿಯವರು ೧೯೮೦ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಗಳ ಎರಡು ಸಂಖ್ಯೆಗಳನ್ನು ೨೮ ಸೆಕೆಂಡುಗಳಲ್ಲಿ ಗುಣಿಸಿದುದನ್ನು ನೀವು ಕೇಳಿರಬಹುದು. ಅದು ದೈವದತ್ತವಾದ ಶಕ್ತಿ. ನಮಗೆ ಬೇಕಾದುದು ಅಷ್ಟಲ್ಲ. ಬಿಲ್ಲಿನಲ್ಲಿ ಐವತ್ತು ಕಿಲೋ ಹೆಚ್ಚಾದಾಗ ಎಲ್ಲಿಯೋ ಏನೋ ತಪ್ಪಿದೆಯೆಂದು ಮನಸ್ಸಿಗೆ ಹೊಳೆಯುವಷ್ಟು ಸಾಕು. ಯಂತ್ರವು ನಾವು ಕೇಳಿದ ಪ್ರಶ್ನೆಗೆ ಉತ್ತರವನ್ನು ಹೇಳುತ್ತದೆ. ಯಾವಾಗ ಕೇಳಬೇಕೆಂಬುದನ್ನು ಹೇಳುವುದಿಲ್ಲ.

ಕೊನೆಗೆ ನನ್ನದೇ ಆದ ಒಂದು ತಪ್ಪನ್ನು ನಿವೇದಿಸಿ ಮುಗಿಸುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಕಿರುಪರೀಕ್ಷೆಯಲ್ಲಿ, ತೊಂಬತ್ತೇಳರ ವರ್ಗವು ನಡುವೆ ಬರುವ ಲೆಕ್ಕವೊಂದನ್ನು ಕೊಟ್ಟಿದ್ದೆನು. ತರಕಾರಿ ವ್ಯಾಪಾರಿಯೊಬ್ಬರ ಮಗಳು ಗುಣಾಕಾರದ ಒಂದು ಸಾಲನ್ನೂ ಬರೆಯದೆ ನೇರವಾಗಿ ೯,೪೦೯ ಎಂದು ಬರೆದಿದ್ದಳು. ಪಕ್ಕದವರದನ್ನು ನೋಡಿ ಬರೆದಳೆಂದು ನಾನು ಊಹಿಸಿ, ಎಲ್ಲರ ಮುಂದೆ ಕೇಳಿದೆನು. “ತಲೆಯಲ್ಲೇ ಬಂತು ಸಾರ್” ಎಂದಳು. ಹೇಗೆಂದು ಹೇಳಲು ಅವಳಿಗೆ ಮಾತು ಬರಲಿಲ್ಲ. ಅಂಕವನ್ನು ಕಳೆದೆನು. ಅಂದಿನಿಂದ ಆ ವರ್ಷ ಮುಗಿಯುವವರೆಗೆ ಅವಳು ನನ್ನ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಸಂತೆಯಲ್ಲಿ ತಂದೆಯ ಪಕ್ಕದಲ್ಲಿ ಕುಳಿತು ನೂರಕ್ಕೆ ಮೂರು ಕಡಮೆಯೆಂದು ಲೆಕ್ಕ ಹಾಕಿ ಹಾಕಿ ಅವಳಿಗೆ ಆ ದಾರಿ ಪಳಗಿತ್ತೆಂಬುದು ನನಗೆ ಬಹಳ ತಡವಾಗಿ ತಿಳಿಯಿತು. ದಾರಿ ಅವಳಲ್ಲಿತ್ತು, ಅದಕ್ಕೆ ಮಾತನ್ನು ಒದಗಿಸಿಕೊಡುವುದು ನನ್ನ ಕೆಲಸವಾಗಿತ್ತು. ಆ ಕೆಲಸವನ್ನು ನಾನು ಮಾಡಲಿಲ್ಲ.

ಆದುದರಿಂದ ತಂದೆತಾಯಂದಿರಲ್ಲಿಯೂ ಉಪಾಧ್ಯಾಯ ಮಿತ್ರರಲ್ಲಿಯೂ ನನ್ನ ಪ್ರಾರ್ಥನೆ ಇಷ್ಟೆ. ಮಗುವು ಉತ್ತರವನ್ನು ಬೇಗ ಹೇಳಿದರೆ ಸಂಶಯಪಡಬೇಡಿರಿ, ಚಪ್ಪಾಳೆಯನ್ನೂ ತಟ್ಟಿ ಸುಮ್ಮನಾಗಬೇಡಿರಿ; “ಅದು ಹೇಗೆ ಬಂತು ಮಗು?” ಎಂದು ಪ್ರೀತಿಯಿಂದ ಕೇಳಿರಿ. ಈ ರಾತ್ರಿ ಊಟಕ್ಕೆ ಕುಳಿತಾಗ ಮನೆಯ ಮಕ್ಕಳಿಗೆ ಐವತ್ತೆಂಟರ ವರ್ಗವನ್ನು ಕೇಳಿ ನೋಡಿರಿ. ಇಷ್ಟವನ್ನು ಎರಡೆಂದು ಹಿಡಿದರೂ ಎಂಟೆಂದು ಹಿಡಿದರೂ ಒಂದೇ ಊರಿಗೆ ತಲಪಬೇಕು. ತಲಪದಿದ್ದರೆ ಮಕ್ಕಳ ಜೊತೆಯಲ್ಲಿ ನೀವೂ ಒಮ್ಮೆ ಆ ನಿವೇಶನವನ್ನು ಕತ್ತರಿಸಿ ಜೋಡಿಸಿ ನೋಡಿರಿ.